ಉದುರದ ಕೂದಲು

ಸಿರಾ ಊರಿನಲ್ಲಿ ಹೆಂಗಸರ ಕೂದಲಿನ ಬಗ್ಗೆ ಅಮೀರಮ್ಮನಿಗೆ ಗೊತ್ತಿದ್ದಷ್ಟು ಇನ್ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದ ಬಗೆ ಮಾತ್ರ ಯಾರೂ ಹೊಟ್ಟೆಕಿಚ್ಚು ಪಡುವಂಥದ್ದಲ್ಲ. ಪೂರ್ತಿ ಹೆಸರು ಅಮೀರುನ್ನೀಸಾ. ಅವರ ಜನರಲ್ಲಿ ಯಾವ ಹೆಂಗಸು ತೀರಿಕೊಂಡರೂ ಕೊನೆಯ ಸ್ನಾನ ಮಾಡಿಸಲು ಅವಳಿಗೇ ಹೇಳಿಕಳಿಸುತ್ತಿದ್ದರು. ಗಂಡ ಹೋದ ಮೇಲೆ ಅತ್ತೆಯಿಂದ ಅವಳ ಕೈಗೆ ಬಂದ ಕೆಲಸ ಅದು.

ಅತ್ತೆ ಕಲಿಸಿದ್ದು ಕಟ್ಟುನಿಟ್ಟಾಗಿ ಕಲಿಸಿದ್ದಳು. ಎಲಚಿ ಸೊಪ್ಪಿನ ನೀರು, ತಲೆಗೆ ಅದೇ ಸೊಪ್ಪಿನ ಪುಡಿ, ಕೊನೆಗೆ ಕರ್ಪೂರದ ನೀರು. ಕೂದಲಿಗೆ ಬಾಚಣಿಗೆ ಸೋಕಿಸಬಾರದು. ಬೆರಳಲ್ಲೇ ಬಿಡಿಸಿ, ಎರಡು ಪಾಲು ಮಾಡಿ, ಎದೆಯ ಮೇಲೆ ಆಚೆಗೊಂದು ಈಚೆಗೊಂದು ಇಳಿಬಿಡಬೇಕು. ತೊಳೆಯುವಾಗ ಒಂದೇ ಒಂದು ಕೂದಲು ಕಿತ್ತು ಬಂದರೂ ಅದನ್ನು ಹೆಣಕ್ಕೆ ಸುತ್ತುವ ಕಫನ್ ಬಟ್ಟೆಯೊಳಗೆ ಸತ್ತವಳ ಜೊತೆಗೇ ಇಡಬೇಕು. ಮಿಕ್ಕ ಪುಡಿಯನ್ನು ಅಲ್ಲೇ ಮಣ್ಣಿಗೆ ಸುರಿದು ಬರಬೇಕು. ಸತ್ತವರ ಪಾಲು ಸತ್ತವರಿಗೆ, ಅದು ಬದುಕಿದವರ ಮನೆ ಹೊಸ್ತಿಲು ದಾಟಕೂಡದು.

ಇಪ್ಪತ್ತು ವರ್ಷದಲ್ಲಿ ಅಮೀರಮ್ಮ ಒಂದು ಸಂಗತಿ ಕಂಡುಕೊಂಡಿದ್ದಳು, ಯಾರಿಗೂ ಹೇಳಿರಲಿಲ್ಲ. ಸತ್ತವರ ಕೂದಲಷ್ಟು ನುಣುಪಾದ ಕೂದಲನ್ನು ಅವಳು ಬದುಕಿದವರ ತಲೆಯಲ್ಲಿ ನೋಡಿರಲೇ ಇಲ್ಲ. ಬದುಕಿದ್ದಾಗ ಸಿಕ್ಕುಸಿಕ್ಕಾಗಿದ್ದ ತಲೆಯೂ ಎಲಚಿ ಪುಡಿ ಬಿದ್ದರೆ ಬೆರಳಿಗೆ ನೀರಿನ ಹಾಗೆ ಜಾರುತ್ತಿತ್ತು. ಅಂಥ ಮಾತನ್ನು ಹೇಳುವುದಾದರೂ ಯಾರ ಹತ್ತಿರ?

ಅರವತ್ತೊಂದನೇ ಇಸವಿಯ ಬೇಸಿಗೆಯಲ್ಲಿ ಊರಿಗೆ ವಿಷಮಶೀತ ಜ್ವರ ಬಂತು. ಒಂದೇ ಬೀದಿಯ ಇಬ್ಬರು ಹುಡುಗಿಯರು ಹಾಸಿಗೆ ಹಿಡಿದರು. ಒಬ್ಬಳು ಅಮೀರಮ್ಮನ ಒಬ್ಬಳೇ ಮಗಳು ಶಾಹಜಾದಿ. ಇನ್ನೊಬ್ಬಳು ಕಂಬಳಿ ವ್ಯಾಪಾರದ ಕರೀಮ್ ಸಾಬರ ಮಗಳು ಶರ್ಫುನ್ನೀಸಾ. ಅವಳಿಗೆ ಮಧುಗಿರಿಯ ಕಡೆ ಮದುವೆ ಗೊತ್ತಾಗಿತ್ತು. ಶಾಹಜಾದಿ ಎದ್ದು ಕೂತು ಗಂಜಿ ಕೇಳಿದ ದಿನವೇ ಶರ್ಫುನ್ನೀಸಾ ಕಣ್ಣು ಮುಚ್ಚಿದಳು.

ಅಮೀರಮ್ಮ ಹೋಗಿ ತೊಳೆದಳು. ಮೊಳಕಾಲು ಮುಟ್ಟುವ ಕೂದಲು, ತುದಿಯಲ್ಲಿ ಒಂದು ಬೆರಳಿನಷ್ಟು ಉದ್ದಕ್ಕೆ ಗೋರಂಟಿಯ ಕೆಂಪು. ಎರಡು ಪಾಲು ಮಾಡಿ ಎದೆಯ ಮೇಲೆ ಇಳಿಬಿಟ್ಟಳು. ಮನಸ್ಸೆಲ್ಲ ಮನೆಯಲ್ಲಿ ಗಂಜಿಗೆ ಕಾಯುತ್ತಿದ್ದ ಮಗಳ ಮೇಲೆ. ತನ್ನದು ಉಳಿಯಿತಲ್ಲ ಎಂಬ ಸಂತೋಷಕ್ಕೆ ಅವಳಿಗೇ ನಾಚಿಕೆಯಾಗುತ್ತಿತ್ತು. ಆ ಗಡಿಬಿಡಿಯಲ್ಲಿ ಮಿಕ್ಕ ಪುಡಿಯನ್ನು ಸುರಿಯುವುದು ಮರೆತು ಸೆರಗಿನ ತುದಿಗೆ ಕಟ್ಟಿಕೊಂಡೇ ಬಂದುಬಿಟ್ಟಳು. ಮನೆಗೆ ಬಂದ ಮೇಲೇ ಆ ಗಂಟು ಕಣ್ಣಿಗೆ ಬಿತ್ತು. ನಾಳೆ ಹೋಗಿ ಸುರಿದು ಬರೋಣವೆಂದು ಡಬ್ಬಿಗೆ ಹಾಕಿ ಅಟ್ಟದ ಮೇಲಿಟ್ಟಳು. ಆ ನಾಳೆ ಬರಲೇ ಇಲ್ಲ.

ಎರಡು ತಿಂಗಳಾದ ಮೇಲೆ ಆ ಮಧುಗಿರಿಯವರೇ ಶಾಹಜಾದಿಯನ್ನು ಕೇಳಿಕೊಂಡು ಬಂದರು. ಗಂಡಿನ ತಾಯಿ ಹುಡುಗಿಯ ಮುಖ ನೋಡುವ ಮೊದಲು ಜಡೆ ಎತ್ತಿ ತೂಗಿ ನೋಡಿದಳು.

"ಹೋದ ಹುಡುಗೀನ ಜಡೆ ನೋಡೇ ಒಪ್ಪಿದ್ದೆ ನಾನು," ಎಂದಳು. "ಇದೂ ಪರವಾಗಿಲ್ಲ. ಎಣ್ಣೆ ಇಡೋ ದಿನ ನಾನೇ ಬಂದು ನನ್ನ ಕೈಯಾರೆ ಹಚ್ತೀನಿ. ಚೆನ್ನಾಗಿ ನೋಡ್ಕೊಳ್ಳಿ."

ಎಣ್ಣೆ ಇಡುವ ಶಾಸ್ತ್ರಕ್ಕೆ ನಲವತ್ತು ದಿನವಿತ್ತು. ಅವರ ಜಟಕಾ ಬೀದಿ ದಾಟಿದ ವಾರಕ್ಕೇ ಶಾಹಜಾದಿಯ ಕೂದಲು ಉದುರಲು ಶುರುವಾಯಿತು.

ಅಮೀರಮ್ಮ ಕೈಕಟ್ಟಿ ಕೂರುವವಳಲ್ಲ. ತಲೆ ಬಾಚುವಾಗ ಕೆಳಗೆ ಬಿಳಿ ಬಟ್ಟೆ ಹಾಸಿ ಉದುರಿದ್ದನ್ನು ಎಣಿಸತೊಡಗಿದಳು. ಸಂತೆಯ ಸೀಗೆಕಾಯಿಗೆ ತೊಂಬತ್ತು ಕೂದಲು. ಅಂಟುವಾಳಕ್ಕೆ ನೂರರ ಮೇಲೆ, ಜೊತೆಗೆ ಕೂದಲು ತೆಂಗಿನ ನಾರಾಯಿತು. ಮೆಂತ್ಯ, ದಾಸವಾಳದ ಎಲೆ, ಲೋಳೆಸರ ಎಲ್ಲವೂ ಆಯಿತು. ಬೆಂಗಳೂರಿನಿಂದ ನಾದಿನಿ ತಂದ ಶಾಂಪೂ ಬಾಟಲಿಯಲ್ಲಿ ಹಸಿರು ನೀರಿತ್ತು. ನೊರೆಯೇನೋ ಮನೆ ತುಂಬುವಷ್ಟು ಬಂತು, ಆ ನೊರೆಯ ಜೊತೆ ಒಂದು ಹಿಡಿ ಕೂದಲೂ ಬಂತು. ಬುಕ್ಕಾಪಟ್ಟಣದ ಕಡೆಯಿಂದ ಕುರಿಗಾಹಿ ಕ್ಯಾತಮ್ಮ ಚುಜ್ಜಲು ಪುಡಿ ತಂದುಕೊಡುತ್ತಿದ್ದಳು. ಕಾಡಿನ ಚುಜ್ಜಲು ಸೊಪ್ಪನ್ನು ನೆರಳಲ್ಲಿ ಒಣಗಿಸಿ ಕುಟ್ಟಿದ ಆ ಹಸಿರು ಪುಡಿಗೆ ಅರವತ್ತು ಕೂದಲು ಉದುರಿತು. ಇದ್ದುದರಲ್ಲಿ ಅದೇ ವಾಸಿ.

"ಜರ ಬಿಟ್ ಮ್ಯಾಕೆ ಉದುರೇ ಉದುರ್ತದೆ ಕಣ್ ಬೂಬಮ್ಮ," ಎಂದಳು ಕ್ಯಾತಮ್ಮ. "ಮೂರು ನಾಕು ತಿಂಗ್ಳು ಸುಮ್ಕಿರು. ಹೋಗಿದ್ದು ತಾನೇ ಬತ್ತದೆ. ಯಾವ ಪುಡಿಯಾದ್ರೂ ಕೊಳೆ ತೆಗೀತದೆ, ಅಷ್ಟೇಯ. ಕೂದ್ಲು ಕೊಡಾದು ಪುಡಿಯಲ್ಲ, ಮೈಯಾಗಿನ ರಕ್ತ."

ನಲವತ್ತು ದಿನದ ಗಡುವು ಇರುವವಳಿಗೆ ನಾಲ್ಕು ತಿಂಗಳ ಬುದ್ಧಿವಾದ ಹೇಳಿದರೆ ಹಿಡಿಸೀತೇ? ಬೈತಲೆಯ ಪಕ್ಕದಲ್ಲಿ ನೆತ್ತಿ ಬೆಳ್ಳಗೆ ಕಾಣಿಸಿಕೊಂಡ ದಿನ, ಶುಕ್ರವಾರದ ಮಟಮಟ ಮಧ್ಯಾಹ್ನ, ಅಮೀರಮ್ಮ ಅಟ್ಟದಿಂದ ಡಬ್ಬಿ ಇಳಿಸಿದಳು. ಎಲಚಿ ಸೊಪ್ಪೇ ಬೇಕಾಗಿದ್ದರೆ ಊರ ಬೇಲಿಯ ತುಂಬ ಇತ್ತು. ಆದರೆ ಅವಳಿಗೆ ಬೇಕಾಗಿದ್ದದ್ದು ಆ ನುಣುಪು, ಆ ಹುಡುಗಿಯ ತಲೆಯಲ್ಲಿ ಕಂಡದ್ದು. ತಾಯಿಯ ಆಸೆಗೆ ಹೊಸ್ತಿಲು ಎಲ್ಲಿಯದು?

ಅಂದು ಬಿಳಿ ಬಟ್ಟೆಯ ಮೇಲೆ ಹತ್ತು ಕೂದಲು ಬಿತ್ತು. ಮುಂದಿನ ಶುಕ್ರವಾರ ಒಂದು. ಅದರ ಮುಂದಿನ ವಾರ ಒಂದೂ ಇಲ್ಲ. ಅಮೀರಮ್ಮ ಸಕ್ಕರೆ ಹಂಚುವುದೊಂದು ಬಾಕಿ. ನೆತ್ತಿ ಮುಚ್ಚಿತು, ಕೂದಲು ಸೊಂಟ ದಾಟಿತು. ಬಿಸಿಲಿಗೆ ಕೂತರೆ ತುದಿ ಕೆಂಪಗೆ ಹೊಳೆಯುತ್ತಿತ್ತು. ಬಿಸಿಲಿಗೆ ಬಣ್ಣ ಬಿಟ್ಟಿರಬೇಕೆಂದುಕೊಂಡಳು.

ಹುಡುಗಿ ಮಾತ್ರ ತಣ್ಣಗಾಗುತ್ತ ಹೋದಳು. ಹಿಂದೆ ತಲೆಗೆ ನೀರು ಬಿದ್ದರೆ ಬೀದಿಗೆ ಕೇಳುವಂತೆ ಕೂಗುತ್ತಿದ್ದವಳು, ಸುಡುಸುಡು ನೀರು ಹೊಯ್ದರೂ ತುಟಿ ಬಿಚ್ಚುತ್ತಿರಲಿಲ್ಲ. ಊಟಕ್ಕೆ ಕರೆದರೆ ಬರುತ್ತಿದ್ದಳು, ಕರೆಯದಿದ್ದರೆ ಇಲ್ಲ. ಕೂದಲು ಒಣಗುತ್ತಲೂ ಇರಲಿಲ್ಲ. ಶುಕ್ರವಾರ ಮಿಂದ ತಲೆ ಸೋಮವಾರವೂ ತೇವವಾಗಿರುತ್ತಿತ್ತು, ಮುಟ್ಟಿದರೆ ಕರ್ಪೂರದ ವಾಸನೆ. ಮನೆಯಲ್ಲಿ ಕರ್ಪೂರದ ಚೂರೂ ಇರಲಿಲ್ಲ. ಬಾಚಲು ಕರೆದರೆ ಒಂದೇ ಮಾತು: "ನಕ್ಕೋ ಅಮ್ಮಿ, ಬಾಚಣಿಗೆ ಬೇಡ."

ಎಣ್ಣೆ ಶಾಸ್ತ್ರದ ಹಿಂದಿನ ದಿನ ಮಧ್ಯಾಹ್ನ ಅಮೀರಮ್ಮ ಒಳಕೋಣೆಗೆ ಹೋದಳು. ಶಾಹಜಾದಿ ಚಾಪೆಯ ಮೇಲೆ ಅಂಗಾತ ಮಲಗಿದ್ದಳು. ಕೈ ಎರಡೂ ಪಕ್ಕಕ್ಕೆ ನೀಟಾಗಿ ಚಾಚಿದ್ದವು. ಕೂದಲು ಎರಡು ಪಾಲಾಗಿ ಎದೆಯ ಮೇಲೆ ಆಚೆಗೊಂದು ಈಚೆಗೊಂದು ಇಳಿಬಿದ್ದಿತ್ತು.

ಅಮೀರಮ್ಮ ಬಾಗಿಲಲ್ಲೇ ನಿಂತಳು. "ಯಾರೇ ಹಿಂಗೆ ಹಾಕಿದ್ದು?"

ಹುಡುಗಿ ಕಣ್ಣು ತೆರೆಯದೆಯೇ ಹೇಳಿದಳು: "ನೀವೇ ಅಲ್ವಾ? ಅವತ್ತು ನೀವೇ ಹಾಕಿದ್ರಿ."

ಶಾಹಜಾದಿ ಹುಟ್ಟಿದಾಗಿನಿಂದ ತಾಯಿಯನ್ನು ನೀನು ಎನ್ನುತ್ತಿದ್ದವಳು. ತನ್ನನ್ನು ನೀವು ಎನ್ನುತ್ತಿದ್ದ ಹುಡುಗಿ ಯಾರೆಂದು ಅಮೀರಮ್ಮನಿಗೆ ನೆನಪಾಯಿತು. ಅವಳು ಹೊರಗೆ ಬಂದು ಜಗಲಿಯ ಮೇಲೆ ಕೂತಳು.

ಮಾರನೆಯ ಬೆಳಿಗ್ಗೆ, ಬೀಗರು ಬರುವ ಮೊದಲೇ, ಶಾಸ್ತ್ರಕ್ಕೆಂದು ಹೇಳಿದ್ದ ಚುಜ್ಜಲು ಪುಡಿ ಹಿಡಿದು ಕ್ಯಾತಮ್ಮ ಬಂದಳು. ಹುಡುಗಿಯ ತಲೆ ನೋಡಿ ಮೊದಲು ಬಾಯಿ ಬಿಟ್ಟಳು. ಆಮೇಲೆ ಕುರಿಯ ಉಣ್ಣೆ ನೋಡುವವಳ ಹಾಗೆ ಒಂದು ಹಿಡಿ ಹಿಡಿದು ಬಲವಾಗಿ ಜಗ್ಗಿದಳು. ಒಂದೆಳೆಯೂ ಕೈಗೆ ಬರಲಿಲ್ಲ. ಹುಡುಗಿ ಮುಖ ಕಿವುಚಲೂ ಇಲ್ಲ. ಕ್ಯಾತಮ್ಮ ಕೈಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು.

"ಏನ್ ಹಾಕ್ದೆ ಬೂಬಮ್ಮ ಇದ್ಕೆ?"

"ಉದುರೋದು ನಿಂತದೆ ಕ್ಯಾತಮ್ಮ. ಒಂದೂ ಉದುರಲ್ಲ."

"ಅದ್ಕೇ ಕೇಳ್ತಾ ಇವ್ನಿ. ನಮ್ ಕುರಿ ದಿನಾ ಬೇಲಿ ಸಂದಿ ನುಗ್ಗಿ ನಾಕೆಳೆ ಉಣ್ಣೆ ಬುಟ್ಟೇ ಬತ್ತದೆ. ಜೀವ ಇರಾದು ಉದುರ್ತದೆ, ಇನ್ನೊಂದು ಹುಟ್ತದೆ. ಒಂದೆಳೇನೂ ಬುಡ್ದೆ ಇರಾದು ನೇಯ್ದಿರಾ ಕಂಬ್ಳಿ ಕಣಮ್ಮ. ಕಂಬ್ಳಿಗೆ ಜೀವ ಎಲ್ಲೈತೆ?"

ಅಮೀರಮ್ಮ ಗೋಡೆ ಹಿಡಿದು ಅಳುತ್ತ ಎಲ್ಲವನ್ನೂ ಹೇಳಿದಳು.

"ಎಲಚಿ ಸೊಪ್ಪಿನಾಗೆ ಏನೂ ತೆಪ್ಪಿಲ್ಲ," ಎಂದಳು ಕ್ಯಾತಮ್ಮ. "ನಮ್ ಕುರೀನೂ ಮೇಯ್ತವೆ, ನಮ್ ಹೆಣ್ ಮಕ್ಳೂ ತಲೆಗೆ ಆಕ್ಕಂತವೆ. ಆದ್ರೆ ಇದು ಒಬ್ಬುಳ್ ಪಾಲಿಂದು. ಅವ್ಳು ಅದ್ರ ಹಿಂದೇನೇ ಬಂದವ್ಳೆ. ಇವತ್ತು ಎಣ್ಣೆ ಇಡ್ತೀಯ, ನಾಳೆ ಮದ್ವೆ ಮಾಡ್ತೀಯ. ಯಾರ್ದು ಮಾಡ್ತೀಯ, ಅದ್ನ ಏಳು."

ಆ ಪುಡಿಯನ್ನು ತೊಳೆದು ತೆಗೆದರೆ ಈ ಕೂದಲೂ ಹೋದೀತು, ಕೂದಲು ಹೋದರೆ ಮದುವೆ ಮುರಿಯಬಹುದು. ಅಮೀರಮ್ಮ ಮಗಳ ಕಣ್ಣು ನೋಡಿದಳು. ಅವು ಬಾಗಿಲಿನ ಕಡೆ, ಮಧುಗಿರಿಯ ರಸ್ತೆಯ ಕಡೆ ತಿರುಗಿದ್ದವು. ಮುರಿದರೆ ಮುರಿಯಲಿ ಎಂದು ಮಗಳ ರಟ್ಟೆ ಹಿಡಿದು ಬಚ್ಚಲಿಗೆ ಎಳೆದುಕೊಂಡು ಹೋದಳು.

ಚುಜ್ಜಲು ಪುಡಿಯನ್ನು ಬಿಸಿನೀರಿಗೆ ಕಲಸಿ ತಲೆಗೆ ತಿಕ್ಕಿದಳು. ಮೊದಲನೆಯ ಸಲಕ್ಕೆ ಪುಡಿ ಹತ್ತಲೇ ಇಲ್ಲ, ಜಾರಿ ಹರಿದುಹೋಯಿತು. ಎರಡನೆಯ ಸಲಕ್ಕೂ ಹಾಗೇ. ಮೂರನೆಯ ಸಲ ಉಗುರು ನೆಟ್ಟು ತಿಕ್ಕುತ್ತ ಅಳುತ್ತ ಹೇಳಿದಳು: "ಶರ್ಫೂ, ತಪ್ಪು ನಂದು ಕಣಮ್ಮ. ನಿನ್ನ ಪಾಲು ನಿನಗೇ ಕೊಡ್ತೀನಿ. ನನ್ನ ಮಗೂನ ನನಗೆ ಬಿಡು."

ಇಷ್ಟು ದಿನ ಅವಳ ಬೆರಳಿಗೆ ತಣ್ಣಗೆ ತಾಗುತ್ತಿದ್ದ ನೆತ್ತಿ ಬೆಚ್ಚಗಾಯಿತು. ಬಚ್ಚಲಲ್ಲಿ ಒಂದು ಕೀರಲು ದನಿ ಎದ್ದಿತು.

"ಅಮ್ಮೀ! ಕಣ್ಣು ಉರೀತದೆ! ಸಾಯಿಸ್ತೀಯಾ ನನ್ನ!"

ಆ ಬೈಗುಳ ಕೇಳಿ ಅಮೀರಮ್ಮ ಮಗಳ ಒದ್ದೆ ತಲೆಯನ್ನು ಎದೆಗೆ ಅವಚಿಕೊಂಡಳು. ಬಿಟ್ಟಾಗ ಅಷ್ಟೂ ಕೂದಲು ಅವಳ ಮಡಿಲಲ್ಲಿತ್ತು. ಹುಡುಗಿಯ ತಲೆಯ ಮೇಲೆ ಉಳಿದದ್ದು ಜ್ವರ ಬಿಟ್ಟವರ ಅದೇ ಬಡಕಲು ಕೂದಲು, ಬೈತಲೆಯ ಪಕ್ಕ ಅದೇ ಬಿಳಿ ನೆತ್ತಿ. ಅಲ್ಲಲ್ಲಿ ಮುಳ್ಳಿನಂತೆ ಹೊಸ ಕೂದಲು ಚಿಗುರಿತ್ತು.

ಬಿದ್ದದ್ದನ್ನು ಬಿಳಿ ಬಟ್ಟೆಯ ಮೇಲೆ ಒಟ್ಟುಮಾಡುತ್ತಿರುವಾಗಲೇ ಮಧುಗಿರಿಯ ಬೀಗಿತಿ ಎಣ್ಣೆಯ ಬಟ್ಟಲು ಹಿಡಿದು ನಡುಮನೆಗೆ ಬಂದಿದ್ದಳು. ಹುಡುಗಿಯ ತಲೆ ನೋಡಿದಳು. ಬಟ್ಟೆಯ ಮೇಲಿನ ಕೂದಲು ನೋಡಿದಳು. ಬಗ್ಗಿ ಒಂದು ಎಳೆ ಎತ್ತಿ ಬೆಳಕಿಗೆ ಹಿಡಿದಳು. ಅವಳ ಮುಖ ಬಿಳಿಚಿಕೊಂಡಿತು.

"ಇದು ಇಲ್ಲಿಗೆ ಹೆಂಗ್ ಬಂತು?" ಎಂದಳು. "ಮಾತು ಕೊಟ್ಟ ದಿನ ಅವಳ ಅಂಗೈಗೆ ಗೋರಂಟಿ ಹಚ್ಚಿ, ಮಿಕ್ಕಿದ್ದನ್ನ ಜಡೆ ತುದಿಗೆ ಮೆತ್ತಿದ್ದು ನಾನು. ಇದೇ ಕೈಯಲ್ಲಿ. ಇದು ಶರ್ಫುನ್ನೀಸಾದು."

ಅಮೀರಮ್ಮ ಬಟ್ಟೆಯನ್ನು ಕಫನ್ ಮಡಿಸುವ ಹಾಗೆ ಬಲಕ್ಕೊಂದು ಎಡಕ್ಕೊಂದು ಮಡಿಕೆ ಮಡಿಸಿದಳು. ಡಬ್ಬಿಯಲ್ಲಿ ಉಳಿದಿದ್ದ ಪುಡಿಯನ್ನೂ ಅದರೊಳಗೆ ಸುರಿದಳು. ಬೀಗಿತಿ ತನ್ನ ಕೈಯ ಎಳೆಯನ್ನು ನಿಧಾನವಾಗಿ ಅದರೊಳಗೆ ಸೇರಿಸಿ ಅಲ್ಲೇ ಚಾಪೆಯ ಮೇಲೆ ಕೂತಳು.

"ಮೊದಲು ಅವಳದ್ದು ಅವಳಿಗೆ ಕೊಟ್ಟು ಬನ್ನಿ," ಎಂದಳು. "ಎಣ್ಣೆ ಆಮೇಲೆ ಇಡೋಣ. ನಾನು ಕಾಯ್ತೀನಿ."

ಅಮೀರಮ್ಮ ಗಂಟನ್ನು ಎದೆಗೊತ್ತಿಕೊಂಡು ಖಬರಸ್ತಾನದ ದಾರಿ ಹಿಡಿದಳು. ಗಂಟು ಮಗುವಿನಷ್ಟು ಭಾರವಿತ್ತು. ಬೀದಿಯ ತಿರುವಿನಲ್ಲಿ ಹಿಂದಿನಿಂದ ಮಗಳ ದನಿ ಊರೇ ಕೇಳುವಂತೆ ಬಂತು.

"ಅಮ್ಮೀ! ತಲೆಯೆಲ್ಲ ಸಿಕ್ಕಾಗೈತೆ. ಬಾಚಣಿಗೆ ಎಲ್ಲಿಟ್ಟೆ?"