ಮಂಡಿನೋವಲ್ಲ, ಮರಳು

ಲಿಯೂಗೆ ಅರವತ್ತು ದಾಟಿದ ವರ್ಷವೇ ಅವಳ ಹಲಗೆ ನಿಧಾನವಾಯಿತು. ಕೆಸರಿನ ಮೇಲೆ ಹಲಗೆ ಜಾರಿಸುವುದರಲ್ಲಿ ವಿನ್ ಚೌ ಕರಾವಳಿಯಲ್ಲೇ ಅವಳನ್ನು ಮೀರಿಸಿದವರಿರಲಿಲ್ಲ. ಒಂದು ಮಂಡಿಯನ್ನು ಹಲಗೆಯ ಮೇಲೂರಿ ಇನ್ನೊಂದು ಕಾಲಿನಿಂದ ಒದ್ದಳೆಂದರೆ, ಇಳಿತದ ಸಮುದ್ರ ಬಿಟ್ಟುಹೋದ ಕೆಸರುಬಯಲಿನಲ್ಲಿ ಸರ್ರನೆ ಹೋಗಿ, ಬಲೆಯ ಮೀನು ಬಿಡಿಸಿಕೊಂಡು, ಬೇರೆಯವರು ಅರ್ಧ ದಾರಿಯಲ್ಲಿರುವಾಗಲೇ ತಿರುಗಿ ಬರುತ್ತಿದ್ದಳು. ಈಗ ಯಾರೋ ಕೆಳಗಿನಿಂದ ಹಿಡಿದೆಳೆದ ಹಾಗೆ ಹಲಗೆ ಕಿರಗುಟ್ಟುತ್ತಿತ್ತು.

"ಅತ್ತಿಗೆ, ಮಂಡಿ ಸವೀತು ನಿಮ್ದು. ಹಲಗೆನ ಒಲೆಗೆ ಹಾಕಿ, ಮನೇಲಿ ಕೂತ್ಕೊಂಡು ಈರುಳ್ಳಿ ಗೊಂಚಲು ಕಟ್ಟಿ," ಎಂದು ನಾದಿನಿ ಥೋವಾ ದಿನಾ ಕೆಣಕುತ್ತಿದ್ದಳು.

"ಮಂಡಿ ಸರಿಯಾಗೇ ಇದೆ ಕಣೇ. ಕೆಸರೇ ಕೆಟ್ಟಿದೆ."

"ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ!"

ದಂಡೆಯ ಹೆಂಗಸರೆಲ್ಲ ನಕ್ಕರು. ಲಿಯೂನೂ ನಕ್ಕಳು, ಆದರೆ ಒಳಗೊಳಗೇ ಚುರ್ರೆಂದಿತು.

ಮಳೆಗಾಲ ಮುಗಿದ ಮೇಲೆ ಕಾನ್ ಥೋ ಪೇಟೆಯಿಂದ ಕ್ವಿಯೆನ್ ಎಂಬ ಸಂಶೋಧಕಿ ಬಂದಳು. ಆಳೆತ್ತರದ ಪಾರದರ್ಶಕ ಕೊಳವೆಗಳನ್ನು ಕೆಸರಿಗಿಳಿಸಿ, ಪದರ ಕಲಕದಂತೆ ಮಣ್ಣನ್ನು ಮೇಲೆತ್ತುವುದು ಅವಳ ಕೆಲಸ. ದೋಣಿ ಅಲ್ಲಿ ತಳ ಹಿಡಿಯುತ್ತದೆ, ಕಾಲಿಟ್ಟರೆ ಹೂತುಹೋಗುತ್ತದೆ ಎಂದು ಎಲ್ಲರೂ ಹೇಳಿದರು. ಅವಳು ಕೇಳಲಿಲ್ಲ. ಹತ್ತು ಹೆಜ್ಜೆಗೆ ತೊಡೆಯವರೆಗೆ ಇಳಿದು ನಿಂತಳು.

"ಅಲ್ಲಾಡ್ಬೇಡಿ ಮೇಡಂ!" ಲಿಯೂ ಹಲಗೆ ತಳ್ಳಿಕೊಂಡು ಹತ್ತಿರ ಹೋದಳು. "ಒದ್ದಾಡಿದಷ್ಟೂ ಒಳಗೆ ಎಳ್ಕೊಳ್ಳತ್ತೆ. ಹಲಗೆ ಮೇಲೆ ಬೋರಲು ಬಿದ್ಕೊಳ್ಳಿ."

ಕ್ವಿಯೆನ್ ಹೊರಬಂದಳು. ಒಂದು ಬೂಟು ಬರಲಿಲ್ಲ.

"ಹೋಗ್ಲಿ ಬಿಡಿ, ಏಡಿಗೊಂದು ಮನೆ ಆಯ್ತು," ಎಂದಳು ಲಿಯೂ.

ಆಮೇಲೆ ಇಬ್ಬರೂ ಹಲಗೆಯ ಮೇಲೆಯೇ ಹೋಗಿ, ಕೊಳವೆಯನ್ನು ಸುತ್ತಿಗೆಯಿಂದ ಬಡಿದು ಇಳಿಸಿ, ಅದರ ಬಾಯಿ ಮುಚ್ಚಿ ಮೇಲಕ್ಕೆಳೆದರು. ಲಿಯೂಳ ಅಂಗಳದಲ್ಲಿ ಕ್ವಿಯೆನ್ ಅದನ್ನು ಉದ್ದಕ್ಕೆ ಸೀಳಿದಳು. ಕೆಳಗಿನದು ಕಪ್ಪಗೆ ಬೆಣ್ಣೆಯಂಥ ಮಣ್ಣು, ನಡುನಡುವೆ ಎಲೆಚೂರು. ಮೇಲಿನ ಒಂದು ಗೇಣು ಮಾತ್ರ ಬೂದುಬಣ್ಣಕ್ಕಿತ್ತು.

"ಎರಡನ್ನೂ ಉಜ್ಜಿ ನೋಡಿ ಚಿಕ್ಕಮ್ಮ."

ಕೆಳಗಿನದು ಬೆರಳಲ್ಲಿ ಜಾರಿತು. ಮೇಲಿನದು ಗರಗರ ಅಂದಿತು.

"ಇದು ಮರಳು!"

"ಹೂಂ. ಈ ಕೆಸರು ತರೋ ನದಿಗೆ ಮೇಲ್ಗಡೆ ಅಷ್ಟೊಂದು ಅಣೆಕಟ್ಟು ಕಟ್ಟಿದಾರಲ್ಲ, ಹೂಳೆಲ್ಲ ಅಲ್ಲೇ ತಳ ಸೇರ್ತಿದೆ. ಇಲ್ಲಿಗೆ ಬರೋದು ಕಮ್ಮಿ. ಇದ್ದ ನುಣ್ಣನೆ ಮಣ್ಣನ್ನ ಅಲೆ ತೊಳ್ಕೊಂಡು ಹೋಗತ್ತೆ, ಮರಳು ಉಳಿಯತ್ತೆ."

"ಅದಕ್ಕೆ ಈ ಎಲೆಚೂರು ಯಾಕೆ ಹೆಕ್ತಿದೀರಿ?" ಎಂದಳು ಇಣುಕಿ ನೋಡುತ್ತಿದ್ದ ಥೋವಾ.

"ಇದರೊಳಗೆ ಇಂಗಾಲ ಇದೆ ಅಕ್ಕ. ಹೂಳು ಮುಚ್ಚಿದ್ರೆ ನೂರಾರು ವರ್ಷ ಹೀಗೇ ಬಿದ್ದಿರತ್ತೆ. ಮುಚ್ಚದಿದ್ರೆ ಕೊಳೆತು ಗಾಳಿ ಸೇರತ್ತೆ, ಸೆಕೆ ಇನ್ನೂ ಜಾಸ್ತಿ ಆಗತ್ತೆ. ಅಣೆಕಟ್ಟಿನ ಹಿಂದೆನೂ ಒಂದಿಷ್ಟು ಹೂತಿರತ್ತೆ ಅನ್ನಿ. ಇಲ್ಲಿ ಎಷ್ಟು ಕಮ್ಮಿಯಾಗಿದೆ ಅಂತ ಅಳೆಯೋಕೆ ಬಂದಿದೀನಿ."

ಲಿಯೂ ಆಗಲೇ ನಾದಿನಿಯ ಕೈ ಹಿಡಿದೆಳೆದು ಬೆರಳಿಗೆ ಮೇಲಿನ ಮಣ್ಣು ಮೆತ್ತಿದ್ದಳು. "ಉಜ್ಜು. ಈಗ ಹೇಳು, ಕೆಟ್ಟಿದ್ದು ಮಂಡಿಯೋ ಕೆಸರೋ?"

ಥೋವಾ ಉಜ್ಜಿದಳು, ಮೂಸಿದಳು, ಮತ್ತೆ ಉಜ್ಜಿದಳು. "ಆಯ್ತು ಅತ್ತಿಗೆ, ಕೆಸರೇ. ಆದ್ರೆ ಮೆಟ್ಟಿಲು ಹತ್ತುವಾಗ ಅಯ್ಯಯ್ಯೋ ಅಂತೀರಲ್ಲ, ಅದೂ ಅಣೆಕಟ್ಟಿಂದಾನಾ?"

ಲಿಯೂ ಕೈಗೆ ಸಿಕ್ಕ ಈರುಳ್ಳಿ ಗೊಂಚಲಿನಲ್ಲೇ ಅವಳ ಬೆನ್ನಿಗೊಂದು ಬಿಟ್ಟಳು. ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ನಗು ನಿಂತ ಮೇಲೆ ಲಿಯೂ ಆ ಬೂದು ಗೇಣನ್ನೇ ಸ್ವಲ್ಪ ಹೊತ್ತು ನೋಡಿದಳು. ಅವಳ ಅಮ್ಮ ಜಾರುತ್ತಿದ್ದ ಕೆಸರು ಅದರ ಕೆಳಗಿತ್ತು. ಗೆದ್ದದ್ದೇನೋ ನಿಜ, ಅಂಥ ಕೆಸರು ಮತ್ತೆ ಬರುವುದಂತೂ ಸದ್ಯಕ್ಕಿಲ್ಲ.

"ಇನ್ನೂ ಎಷ್ಟು ಕಡೆ ತೆಗೀಬೇಕು?"

"ಹನ್ನೊಂದು."

"ಮೆತ್ತಗಿರೋದು ಎಲ್ಲಿ ಅಂತ ನನಗೆ ಗೊತ್ತು."

"ಮೆತ್ತಗಿಲ್ಲದಿರೋ ಕಡೆನೂ ಬೇಕು ಚಿಕ್ಕಮ್ಮ."

"ಅದಕ್ಕೇನು ಬರಗಾಲ? ಎರಡೂ ತೋರಿಸ್ತೀನಿ."

ಮರುದಿನ ಬೆಳಗ್ಗೆ ನೀರಿಳಿಯುವ ಹೊತ್ತಿಗೆ, ಯಾರೂ ಕರೆಯದೆ ಥೋವಾನೂ ಹಲಗೆ ಹೊತ್ತು ಬಂದು ಕೊಳವೆಗಳನ್ನು ಹೇರಿಕೊಂಡಳು. ಕ್ವಿಯೆನ್‌ಗೊಂದು ಹಳೆಯ ಹಲಗೆ ಕೊಟ್ಟರು. ಅವಳು ಎಷ್ಟು ಒದ್ದರೂ ನಿಂತಲ್ಲೇ ಗಾಣದಂತೆ ಸುತ್ತುತ್ತಿದ್ದಳು.

"ನೇರಕ್ಕೆ ಒದೀರಿ ಮೇಡಂ, ನೇರಕ್ಕೆ!" ಎಂದು ಅತ್ತಿಗೆ ನಾದಿನಿ ಒಟ್ಟಿಗೆ ಕೂಗಿದ ಕೂಗಿಗೆ ಸುತ್ತಲಿನ ಏಡಿಗಳೆಲ್ಲ ಬಿಲ ಸೇರಿದವು.