ದೀಪದ ಮೇಲೆ ಬೇಡ

ಹಿತ್ತಾಳೆ ತಟ್ಟೆಗೆ ಬಳೆ ತಾಗುವ ಸದ್ದು ಕೇಳಿ ಶೋಭಾರಾಣಿ ದೋಸೆ ಹುಯ್ಯುವುದನ್ನು ನಿಲ್ಲಿಸಿದಳು. ಅಡುಗೆಮನೆಯ ಕಿಟಕಿಯಿಂದ ಅಂಗಳವೆಲ್ಲ ಕಾಣುತ್ತಿತ್ತು. ಅತ್ತೆ ಕದಿರಮ್ಮ ಕುಕ್ಕರಗಾಲಲ್ಲಿ ಕೂತು ಅರಿಶಿನಕ್ಕೆ ನೀರು ಬೆರೆಸಿ ಕಲಸುತ್ತಿದ್ದರು. ಪಕ್ಕದಲ್ಲಿ ಕುಂಕುಮದ ಭರಣಿ, ನಾಲ್ಕು ನಿಂಬೆಹಣ್ಣು, ಎರಡು ಮೊಳ ಸೇವಂತಿಗೆ. ಎದುರಿಗೆ ಟಾರ್ಪಾಲು ತೆಗೆದು ತೊಳೆದು ನಿಲ್ಲಿಸಿದ್ದ ಬಿಳಿ ಕಾರು.

ಏಳು ವಾರದ ಮೇಲೆ ಆ ಕಾರು ಇವತ್ತು ರಸ್ತೆಗೆ ಇಳಿಯುವುದಿತ್ತು. ಮಾವ ಮುನಿರಾಮಪ್ಪನವರನ್ನು ಸುಗಟೂರಿನಿಂದ ಕೋಲಾರದ ಆಸ್ಪತ್ರೆಗೆ ಕರೆದೊಯ್ಯಬೇಕು. ಮೊಣಕಾಲಿನ ಮೇಲಕ್ಕೆ ಕತ್ತರಿಸಿದ ಬಲಗಾಲಿಗೆ ಕೃತಕ ಕಾಲಿನ ಅಳತೆ ತೆಗೆಯುತ್ತಾರಂತೆ. ಆ ಕಾಲು ಹೋದದ್ದು ಇದೇ ಕಾರಿನಿಂದ. ಬಾಡಿಗೆ ಕಾರಿಗೆ ಹೇಳೋಣ ಎಂದು ಶೋಭಾರಾಣಿ ಎರಡು ಸಲ ಅಂದಿದ್ದಳು. ಗಂಡ ಮುರಳಿಮೋಹನ್ ಕಿವಿಗೆ ಹಾಕಿಕೊಳ್ಳಲಿಲ್ಲ. ಕಂಪನಿಯವರು ನೋಡಿ ಎಲ್ಲ ಸರಿಯಿದೆ ಎಂದು ಬರೆದುಕೊಟ್ಟಿದ್ದಾರೆ, ಇನ್ನೇನು ಎಂದಿದ್ದ. ಕದಿರಮ್ಮನವರ ಲೆಕ್ಕಾಚಾರವೇ ಬೇರೆ. ಆಯುಧಪೂಜೆಯ ದಿನ ಬೂದುಗುಂಬಳಕಾಯಿ ಒಡೆಯುವ ಮೊದಲೇ ಕಾರನ್ನು ಓಡಿಸಿದ್ದು ತಪ್ಪಾಯಿತು, ದೃಷ್ಟಿಯಾಯಿತು, ಈ ಸಲ ಪೂಜೆಯಲ್ಲಿ ಯಾವುದಕ್ಕೂ ಕಮ್ಮಿ ಮಾಡುವುದಿಲ್ಲ ಎಂದು ಅವರು ನಿಶ್ಚಯಿಸಿದ್ದರು.

ಆ ಕಾರು ಅವತ್ತು ಯಾಕೆ ನಿಲ್ಲಲಿಲ್ಲ ಎಂಬುದು ಶೋಭಾರಾಣಿಗೆ ಗೊತ್ತಿತ್ತು, ಅದನ್ನು ಅತ್ತೆಗೆ ಹೇಳಿರಲಿಲ್ಲ.

ಕಾರು ಬಂದದ್ದು ಶ್ರಾವಣದಲ್ಲಿ. ಕೋಲಾರದ ಶೋರೂಮಿನಲ್ಲಿ ಕೀಲಿ ಕೊಟ್ಟವನು ಜಾನ್ ಪಾಷಾ ಎಂಬ ಸಣಕಲು ಮನುಷ್ಯ. ಮಾರುವವರಿಗೆ ಸಾಮಾನ್ಯವಾಗಿ ಇಲ್ಲದ ಒಂದು ಗುಣ ಅವನಿಗಿತ್ತು, ಮಾರಿದ ಮೇಲೂ ಮಾತಾಡುತ್ತಿದ್ದ. ಗಂಡ ಹೆಂಡತಿ ಇಬ್ಬರನ್ನೂ ಕಾರಿನ ಮುಂದೆ ನಿಲ್ಲಿಸಿ, ನಡುವಿನ ದುಂಡನೆಯ ಲಾಂಛನದ ಮೇಲೆ ಬೆರಳಿಟ್ಟು ತೋರಿಸಿದ.

"ಸರ್, ಇದರ ಹಿಂದೆ ರೇಡಾರ್ ಐತೆ. ಮೇಲೆ ಗ್ಲಾಸಲ್ಲಿ ಕ್ಯಾಮೆರಾ. ಇವೆರಡೂ ಕಾರಿನ ಕಣ್ಣು ಅನ್ಕೊಳ್ಳಿ, ಎದುರಿಗೆ ಯಾರಾದ್ರೂ ಬಂದ್ರೆ ಕಾರೇ ಬ್ರೇಕ್ ಹಾಕ್ತದೆ. ಮಣ್ಣು, ಸ್ಟಿಕ್ಕರು, ಹಾರ, ಏನೂ ಅಡ್ಡ ಬರಬಾರದು. ಬಂದ್ರೆ ಒಳಗೆ ಹಳದಿ ಅಕ್ಷರ ಬರ್ತದೆ. ಕಣ್ಣಿಗೆ ಏನೂ ಆಗದಿದ್ರೂ ಇದು ಸಹಾಯಕ್ಕೆ ಮಾತ್ರ ಸರ್. ಬ್ರೇಕು ನಿಮ್ಮ ಕಾಲಲ್ಲೇ ಇರಬೇಕು."

ತಾನಾಗಿ ನಿಲ್ಲುವುದನ್ನು ಈಗಲೇ ತೋರಿಸು, ಬೇಕಾದರೆ ನಾನೇ ಎದುರಿಗೆ ನಿಲ್ಲುತ್ತೇನೆ ಎಂದು ಮುರಳಿಮೋಹನ್ ದುಂಬಾಲು ಬಿದ್ದ. ಮನುಷ್ಯರನ್ನು ನಿಲ್ಲಿಸಿ ನೋಡುವ ಆಟವಲ್ಲ ಎಂದು ಜಾನ್ ಪಾಷಾ ಖಡಾಖಂಡಿತವಾಗಿ ಹೇಳಿದ. ಆಮೇಲೆ ಮುರಳಿಮೋಹನ್ ಸೀಟಿನ ಕವರಿನ ಬಣ್ಣ ಆರಿಸಲು ಹೋದ. ಪೂರ್ತಿ ಕೇಳಿಸಿಕೊಂಡವಳು ಶೋಭಾರಾಣಿ ಒಬ್ಬಳೇ. ಹೋಳೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು, ಕೇಳಿಸಿಕೊಳ್ಳುವುದು ಅವಳಿಗೆ ಅಭ್ಯಾಸ.

ಗಂಡಸಿಗೆ ಹೊಸ ಕಾರು ಬಂದರೆ ವಯಸ್ಸು ಸರ್ರನೆ ಇಳಿಯುತ್ತದೆ. ಡ್ರಿಪ್ ಪೈಪಿನ ಅಂಗಡಿಯಲ್ಲಿ ದಿನವಿಡೀ ಗಂಭೀರವಾಗಿ ಕೂರುವ ಮುರಳಿಮೋಹನ್, ಮನೆಗೆ ಯಾರೇ ಬಂದರೂ ರೇಷ್ಮೆಹುಳು ಸಾಕುವ ಮನೆಯ ಮುಂದಿನ ಬಯಲಿಗೆ ಕರೆದುಕೊಂಡು ಹೋಗುತ್ತಿದ್ದ. ಖಾಲಿ ಟೊಮೆಟೊ ಕ್ರೇಟುಗಳನ್ನು ಒಂದರ ಮೇಲೊಂದು ಪೇರಿಸಿ ಅದರ ಕಡೆಗೆ ಕಾರು ಬಿಡುತ್ತಿದ್ದ. ಕಾರು ಕಿರ್ರೆಂದು ತಾನಾಗಿ ನಿಲ್ಲುತ್ತಿತ್ತು, ಬಂದವರು ಬಾಯಿ ಬಿಡುತ್ತಿದ್ದರು. ಒಂದು ದಿನ ನಿಲ್ಲಲಿಲ್ಲ, ಕ್ರೇಟುಗಳು ದಿಕ್ಕಾಪಾಲಾದವು. ಖಾಲಿ ಪ್ಲಾಸ್ಟಿಕ್ಕು ಅದಕ್ಕೆ ಕಾಣುವುದಿಲ್ಲ, ಮನುಷ್ಯನಾದರೆ ಗ್ಯಾರಂಟಿ ಎಂದು ಅವನು ಅಲ್ಲೇ ಒಂದು ವಿವರಣೆ ಕೊಟ್ಟ. ಗಣೇಶನ ಹಬ್ಬಕ್ಕೆ ಬಂದಿದ್ದ ಶೋಭಾರಾಣಿಯ ತಮ್ಮ ಸುರೇಶ್ ನಗುನಗುತ್ತ ಎದುರಿಗೆ ನಿಂತ. ಕಾರು ಎರಡು ಮಾರು ದೂರದಲ್ಲೇ ನಿಂತಿತು. ಅಲ್ಲಿಗೆ ಮುರಳಿಮೋಹನನ ವಿಜ್ಞಾನ ಸಿದ್ಧವಾಯಿತು.

ಮುನಿರಾಮಪ್ಪನವರಿಗೆ ಮಾತ್ರ ಇದು ಹಿಡಿಸಿರಲಿಲ್ಲ. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದ ರಸ್ತೆಗಳಲ್ಲಿ ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿದವರು. ಒಂದು ಕೋಳಿಯನ್ನೂ ಕೊಂದವರಲ್ಲ. ಅದಕ್ಕೆ ಕೊಟ್ಟ ಬೆಳ್ಳಿಯ ಪದಕ ಪಡಸಾಲೆಯ ಗಾಜಿನ ಬೀರುವಿನಲ್ಲಿದೆ.

"ಬ್ರೇಕ್ ತುಳಿಯೋದು ಕಾಲಲ್ಲ ಕಣೋ, ಹೆದರಿಕೆ," ಎಂದು ಮಗನಿಗೆ ಹೇಳಿದ್ದರು. "ನಿನ್ನ ಕಾರಿಗೆ ಹೆದರಿಕೆ ಎಲ್ಲಿಂದ ಬತ್ತದೆ?"

ಬೆಳಿಗ್ಗೆ ಗಾಡಿ ತೆಗೆಯುವ ಮೊದಲು ಹಳೆಯ ಪೇಪರಿನಿಂದ ದೀಪ, ಗಾಜು ಒರೆಸುವುದು ಅವರ ನಿತ್ಯಕರ್ಮವಾಗಿತ್ತು. ಆಯುಧಪೂಜೆಗೆ ಕದಿರಮ್ಮ ಡಿಪೋಗೆ ತಟ್ಟೆ ಹಿಡಿದು ಹೋದರೆ ಬಸ್ಸಿನ ಮೈಯೆಲ್ಲ ಅರಿಶಿನ ಬಳಿಯಲು ಬಿಡುತ್ತಿದ್ದರು, ದೀಪದ ಹತ್ತಿರ ಕೈ ಹೋದರೆ ತಡೆಯುತ್ತಿದ್ದರು. "ದೀಪದ ಮ್ಯಾಲೆ ಬ್ಯಾಡ ಕಣೇ, ಅವು ಬಸ್ಸಿನ ಕಣ್ಣು." ವರ್ಷಕ್ಕೊಂದು ಸಲ ಕೇಳಿದ ಆ ಮಾತು ಕದಿರಮ್ಮನವರ ಬೆರಳಿಗೇ ಬಂದುಬಿಟ್ಟಿತ್ತು. ಸೈಕಲ್ಲಿಗೆ ಪೂಜೆ ಮಾಡಿದರೂ ದೀಪವನ್ನು ಬಿಟ್ಟು ಸುತ್ತ ಹಚ್ಚುತ್ತಿದ್ದರು.

ಈ ಸಲದ ಆಯುಧಪೂಜೆಯಲ್ಲೂ ಹಾಗೆಯೇ. ದೀಪಗಳನ್ನು ಮುಟ್ಟಲಿಲ್ಲ. ನಡುವಿನ ಲಾಂಛನ ಅವರಿಗೆ ಹಣೆಯ ಹಾಗೆ ಕಂಡಿತು. ಅದರ ತುಂಬ ಹಸಿ ಅರಿಶಿನವನ್ನು ದಪ್ಪಕ್ಕೆ ಮೆತ್ತಿ, ಮಧ್ಯೆ ಕುಂಕುಮ ಇಟ್ಟು, ಮೇಲಿನಿಂದ ಚೆಂಡುಹೂವಿನ ಹಾರ ಇಳಿಬಿಟ್ಟರು. ಶೋಭಾರಾಣಿ ನೋಡುತ್ತ ನಿಂತಿದ್ದಳು. ಜಾನ್ ಪಾಷಾನ ಮಾತು ನೆನಪಾಗಿ ಒಂದು ಹೆಜ್ಜೆ ಮುಂದಿಟ್ಟಳು ಕೂಡ. ಆದರೆ ಇಟ್ಟ ಕುಂಕುಮ ಒರೆಸಿ ಎಂದು ಹಬ್ಬದ ದಿನ, ನೆಂಟರ ಎದುರಿಗೆ, ಯಾವ ಸೊಸೆ ತಾನೇ ಅತ್ತೆಗೆ ಹೇಳುತ್ತಾಳೆ? ನಾಳೆ ಒರೆಸಿದರಾಯಿತು ಎಂದುಕೊಂಡಳು. ಆ ನಾಳೆ ಸಿಕ್ಕಲಿಲ್ಲ.

ನೆಂಟರಲ್ಲಿ ಯಾರೋ ಕಾರು ತಾನಾಗಿ ನಿಲ್ಲುವುದೆಂದರೆ ಸುಳ್ಳು ಎಂದರು. ಮುರಳಿಮೋಹನ್ ಬಯಲಿಗೆ ಕಾರು ತಂದೇಬಿಟ್ಟ. ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕಿಟಕಿಯಿಂದ ತಲೆ ಹೊರಹಾಕಿ ಅಪ್ಪನನ್ನು ಕರೆದ.

"ನಾಯ್ನಾ, ಎಲ್ಲರಿಗಿಂತ ನಿಂಗೇ ನಂಬಿಕೆ ಇಲ್ಲ. ನೀನೇ ಬಂದು ನಿಂತ್ಕೋ."

ಮುನಿರಾಮಪ್ಪ ಸುತ್ತ ನೆರೆದವರ ಮುಖ ನೋಡಿದರು, ಮಗನ ಮುಖ ನೋಡಿದರು. ಇಷ್ಟು ಜನರ ಮುಂದೆ ಮಗನ ಮುಖ ಸಣ್ಣದಾಗಬಾರದು ಎಂದು ಅವರಿಗೆ ಅನ್ನಿಸಿರಬೇಕು. ಪಂಚೆ ಎತ್ತಿ ಕಟ್ಟಿ, ದನಕ್ಕೆ ನೀರಿಡುವ ಕಲ್ಲುತೊಟ್ಟಿಯ ಮುಂದೆ ಹೋಗಿ ನಿಂತರು. ಕಾರು ಹೊರಟಾಗ ಶೋಭಾರಾಣಿಯ ಎದುರಿನ ಪರದೆಯಲ್ಲಿ ಹಳದಿ ಅಕ್ಷರಗಳು ಮೂಡಿದವು. ಮುಂದಿನ ಸೆನ್ಸರ್ ಮುಚ್ಚಿಹೋಗಿದೆ, ಶುಚಿ ಮಾಡಿ ಎಂದು ಇಂಗ್ಲಿಷಿನಲ್ಲಿತ್ತು. ರೀ, ಏನೋ ಬರ್ತಿದೆ ನೋಡಿ ಎಂದಳು. ಕಾರು ತೊಳೆದರೆ ಹಾಗೆಲ್ಲ ಬರುತ್ತದೆ ಎಂದು ಅವನು ಗುಂಡಿ ಒತ್ತಿ ಅಳಿಸಿದ. ಆಮೇಲೆ ನಡೆದದ್ದಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ. ಬಂಪರಿಗೂ ಕಲ್ಲಿಗೂ ನಡುವೆ ಸಿಕ್ಕಿದ್ದು ಮೂವತ್ತೊಂದು ವರ್ಷ ಬ್ರೇಕ್ ತುಳಿದ ಕಾಲು.

ಪೊಲೀಸರಿಗೆ ಮುನಿರಾಮಪ್ಪ ತಾನೇ ಅಡ್ಡ ಬಂದೆ, ಕಾಲು ಜಾರಿತು ಎಂದು ಹೇಳಿಕೆ ಕೊಟ್ಟರು. ಮುರಳಿಮೋಹನ್ ಊರಿಗೆಲ್ಲ ಕಾರು ಮೋಸ ಮಾಡಿತು ಎಂದು ಹೇಳಿಕೊಂಡು ತಿರುಗಿದ. ಶೋರೂಮಿನಿಂದ ಜಾನ್ ಪಾಷಾ ಬಂದ. ಲಾಂಛನದ ಮೇಲೆ ಒಣಗಿ ಬಿರುಕು ಬಿಟ್ಟಿದ್ದ ಅರಿಶಿನವನ್ನು ಉಗುರಿನಿಂದ ಕೆರೆದು ನೋಡಿದ, ಶೋಭಾರಾಣಿಯ ಕಡೆ ನೋಡಿದ, ತಲೆ ತಗ್ಗಿಸಿದ. ಇದು ಇಲ್ಲದಿದ್ದರೆ ನಿಲ್ಲುತ್ತಿತ್ತೇ ಎಂದು ಅವಳು ಕೇಳಿದಳು.

"ಹೇಳಕ್ಕಾಗಲ್ಲ ಮೇಡಂ. ನಿಲ್ತಿತ್ತೇನೋ. ಸರ್ ಎಕ್ಸಲೇಟರ್ ಮ್ಯಾಲೆ ಕಾಲಿಟ್ಟಿದ್ರೆ ಆಗ್ಲೂ ನಿಲ್ತಿರಲಿಲ್ಲ. ಅದಕ್ಕೇ ಮನುಷ್ಯರನ್ನ ನಿಲ್ಲಿಸ್ಬೇಡಿ ಅಂದಿದ್ದು."

ಅವತ್ತು ಸಂಜೆಯೇ ಗಂಡನಿಗೆ ಎಲ್ಲ ಹೇಳಿದಳು. ಹಳದಿ ಅಕ್ಷರ, ಅರಿಶಿನ, ಜಾನ್ ಪಾಷಾನ ಮಾತು. ಅವನು ಕೇಳಿಸಿಕೊಂಡು, "ಅಂದ್ರೆ ಅಮ್ಮನ ಕೈಯಿಂದ ಆಗಿದ್ದು," ಎಂದ. ಆ ಹೊತ್ತು ಅವನ ಮುಖದಲ್ಲಿ ಕಂಡ ನಿರಾಳವನ್ನು ಅವಳು ಇನ್ನೂ ಕ್ಷಮಿಸಿಲ್ಲ. ಸ್ಟೀರಿಂಗ್ ಹಿಡಿದವರು ಯಾರು ಎಂದು ಕೇಳಿದ್ದಕ್ಕೆ ಎದ್ದು ಹೋದ. ಆಸ್ಪತ್ರೆಯಲ್ಲಿ ಮಾವನಿಗೂ ಹೇಳಿದಳು, ಹೇಳದೆ ಇರಲು ಅವಳಿಂದ ಆಗಲಿಲ್ಲ.

"ನಿಮ್ಮತ್ತೆಗೆ ಹೇಳ್ಬ್ಯಾಡಮ್ಮ," ಎಂದರು ಮುನಿರಾಮಪ್ಪ. "ಒಂದು ಕಾಲು ಹೋಯ್ತು. ಅಷ್ಟಕ್ಕೇ ಸಾಕು."

ಹೆಂಚಿನ ಮೇಲೆ ದೋಸೆ ಸೀಯುತ್ತಿತ್ತು. ಶೋಭಾರಾಣಿ ಒಲೆ ಆರಿಸಿದಳು. ಅಂಗಳದಲ್ಲಿ ಮುರಳಿಮೋಹನ್ ಅಪ್ಪನನ್ನು ಎತ್ತಿಕೊಂಡು ಬಂದು ಮುಂದಿನ ಸೀಟಿನಲ್ಲಿ ಕೂರಿಸಿ, ಆಸ್ಪತ್ರೆಯ ಫೈಲು ತರಲು ಒಳಗೆ ಹೋದ. ಎಂಟು ವರ್ಷದ ಮಗಳು ತ್ರಿವೇಣಿ ತಾತನ ಊರುಗೋಲು ಹಿಡಿದು ಹಿಂದೆ ಕೂತಿದ್ದಳು. ಪೂಜೆ ಮುಗಿಸಿ ಕದಿರಮ್ಮನೂ ಹೊರಡುವವರು. ಇಷ್ಟೂ ಜನ ಕಣ್ಣು ಕಟ್ಟಿದ ಕಾರಿನಲ್ಲಿ ಹೆದ್ದಾರಿಗೆ ಹೋಗುತ್ತಾರೆ, ಅದನ್ನು ಓಡಿಸುವವನು ಅದು ತಾನಾಗಿ ನಿಲ್ಲುತ್ತದೆ ಎಂದು ಇನ್ನೂ ನಂಬಿದ್ದಾನೆ. ದಾರಿಯಲ್ಲಿ ಒರೆಸಿಬಿಡೋಣ ಎಂದು ಅವಳು ಸೊಂಟಕ್ಕೆ ಒಂದು ಒದ್ದೆ ಬಟ್ಟೆ ಸಿಕ್ಕಿಸಿಕೊಂಡಿದ್ದಳು. ಅತ್ತೆಯ ಎದುರಿಗೆ ಅದು ಆಗುವ ಮಾತಲ್ಲ ಎಂದು ಈಗ ಹೊಳೆಯಿತು.

ಅವಳು ಹೊರಗೆ ಬಂದಾಗ ಕದಿರಮ್ಮ ಚಕ್ರಗಳಿಗೆ ನಿಂಬೆಹಣ್ಣು ಇಟ್ಟಾಗಿತ್ತು. ಬಾನೆಟ್ಟಿಗೆ ಮೂರು ಕಡೆ ಅರಿಶಿನ ಹಚ್ಚಿದರು. ದೀಪದ ಹತ್ತಿರ ಬಂದ ಬೆರಳು ತಾನಾಗಿ ಪಕ್ಕಕ್ಕೆ ಸರಿಯಿತು. ಆಮೇಲೆ ತಟ್ಟೆಯಲ್ಲಿ ಉಳಿದಿದ್ದ ಅರಿಶಿನವನ್ನೆಲ್ಲ ಬಳಿದು ಉಂಡೆ ಮಾಡಿಕೊಂಡು ಲಾಂಛನದ ಕಡೆಗೆ ಕೈ ಚಾಚಿದರು. ಗಾಜಿನ ಆಚೆಯಿಂದ ಮಾವ ಸೊಸೆಯನ್ನೇ ನೋಡುತ್ತಿದ್ದರು. ಬೇಡ ಎಂದು ಸಣ್ಣಗೆ ತಲೆಯಾಡಿಸಿದರು.

ಶೋಭಾರಾಣಿ ಅತ್ತೆಯ ಮಣಿಕಟ್ಟು ಹಿಡಿದುಕೊಂಡಳು. ಮದುವೆಯಾದ ಹನ್ನೊಂದು ವರ್ಷದಲ್ಲಿ ಅವರ ಕೈಯನ್ನು ಹಾಗೆ ಹಿಡಿದದ್ದು ಇದೇ ಮೊದಲು.

"ಅಲ್ಲಿ ಬೇಡ ಅತ್ತೆ."

"ಯಾಕಮ್ಮಾ? ಅವತ್ತೂ ಇಲ್ಲೇ ಅಲ್ವಾ ಇಟ್ಟಿದ್ದು?"

ಶೋಭಾರಾಣಿ ಹಿಡಿದ ಕೈಯನ್ನು ಬಿಡಲಿಲ್ಲ. ಒಳಗಿನಿಂದ ಮುನಿರಾಮಪ್ಪ, ಹೊತ್ತಾಯ್ತು, ಅದೆಲ್ಲ ಸಾಕು, ಬಂದು ಕೂತ್ಕೋ ಎಂದು ಹೆಂಡತಿಯನ್ನು ಅವಸರಪಡಿಸಿದರು. ಬದುಕಿನಲ್ಲಿ ಎಂದೂ ಪೂಜೆಗೆ ಅವಸರ ಮಾಡಿದವರಲ್ಲ. ಕದಿರಮ್ಮ ಗಂಡನನ್ನು ನೋಡಿದರು. ಸೊಸೆಯ ಸೊಂಟದಲ್ಲಿದ್ದ ಒದ್ದೆ ಬಟ್ಟೆಯನ್ನು ನೋಡಿದರು. ಕೊನೆಗೆ ಲಾಂಛನವನ್ನು, ಅದರ ಅಂಚಿನ ಸಂದಿನಲ್ಲಿ ತೊಳೆದರೂ ಹೋಗದೆ ಉಳಿದಿದ್ದ ಹಳದಿ ಗೆರೆಯನ್ನು ನೋಡಿದರು.

"ಇದು ಕಣ್ಣಾ?" ಎಂದು ಕೇಳಿದರು.

ಶೋಭಾರಾಣಿ ಹೂಂ ಅಂದಳು.

"ಇಷ್ಟು ವರ್ಷ ನಾನು ದೀಪದ ಮ್ಯಾಲೆ ಇಟ್ಟೋಳಲ್ಲ. ಇದು ಕಣ್ಣು ಅಂತ ನಂಗೆ ಯಾರೂ ಹೇಳ್ಲಿಲ್ಲ."

ಅವರು ಅಳಲಿಲ್ಲ. ಕೈಯಲ್ಲಿದ್ದ ಅರಿಶಿನವನ್ನು ತಟ್ಟೆಯ ಅಂಚಿಗೆ ಒರೆಸಿದರು. ಯಾರೂ ನಿಮ್ಮನ್ನು ತಪ್ಪು ಎನ್ನುವುದಿಲ್ಲ, ನನಗೆ ಗೊತ್ತಿತ್ತು, ನಾನು ಹೇಳಬೇಕಿತ್ತು ಎಂದು ಶೋಭಾರಾಣಿ ಒಂದೇ ಉಸಿರಿಗೆ ಹೇಳಿದಳು. ಅದು ಅವರ ಕಿವಿಗೆ ಬಿದ್ದಂತೆ ಕಾಣಲಿಲ್ಲ. ಸೊಸೆಯ ಸೊಂಟದಿಂದ ಬಟ್ಟೆ ಎಳೆದುಕೊಂಡು ಕಾರಿನ ಮುಂದೆ ಮೊಣಕಾಲೂರಿ, ಉಗುರನ್ನು ಬಟ್ಟೆಯಲ್ಲಿ ಸುತ್ತಿ, ಆ ಹಳದಿ ಗೆರೆಯನ್ನು ಉಜ್ಜತೊಡಗಿದರು.

ಮುರಳಿಮೋಹನ್ ಫೈಲು ಹಿಡಿದು ಬಂದ. ಫೋನಿನಲ್ಲಿ ಯಾರಿಗೋ ಹೊರಟೆವು ಎನ್ನುತ್ತ ಕಾರಿನೊಳಗೆ ಕೂತು ಎಂಜಿನ್ ಹಾಕಿದ. ಅಮ್ಮ ಮುಂದೆ ಇರುವುದು ಅವನಿಗೆ ಕಾಣಲಿಲ್ಲ, ಬಾನೆಟ್ಟು ಅಡ್ಡವಾಗಿತ್ತು. ಶೋಭಾರಾಣಿ ಎರಡೂ ಕೈ ಎತ್ತಿದಳು.

"ಲೇ, ತಡಿ," ಎಂದರು ಮುನಿರಾಮಪ್ಪ. "ನಿಮ್ಮಮ್ಮ ಮುಂದೆ ಅವ್ಳೆ."

ಎಂಜಿನ್ ಗುರುಗುಟ್ಟುತ್ತಿತ್ತು. ಕದಿರಮ್ಮ ತಲೆ ಎತ್ತದೆ ಉಜ್ಜುತ್ತಲೇ ಇದ್ದರು. ತೆರೆದ ಬಾಗಿಲಿನಿಂದ ಶೋಭಾರಾಣಿಗೆ ಮಾವ ಕೂತಿದ್ದು ಕಾಣುತ್ತಿತ್ತು. ಉಳಿದ ಒಂದು ಕಾಲನ್ನು ಅವರು ಮುಂದಕ್ಕೆ ಚಾಚಿ, ಬ್ರೇಕು ಇಲ್ಲದ ಆ ಬರಿಯ ನೆಲಹಾಸನ್ನು, ತೊಡೆ ನಡುಗುವಷ್ಟು ಬಲವಾಗಿ ತುಳಿದು ಹಿಡಿದಿದ್ದರು.