ನಿನ್ನಿಷ್ಟ ಅನ್ನುವವರ ನಡುವೆ

"ಎರಡು ದಾರಿ ಇದೆ ನೋಡಿ," ಎಂದರು ಡಾಕ್ಟರಮ್ಮ. "ಔಷಧಿ ಕೊಟ್ಟು ನೋವು ಬರಿಸಬಹುದು. ಇಲ್ಲಾಂದ್ರೆ ದಿನ ಗೊತ್ತು ಮಾಡಿ ಸಿಸೇರಿಯನ್ ಮಾಡಬಹುದು. ನಿಮಗೆ ಶುಗರ್ ಬಂದಿದೆ, ಮಗೂನೂ ದಪ್ಪ ಇರೋ ಹಾಗಿದೆ. ಇನ್ನು ಸುಮ್ಮನೆ ಕಾಯೋದು ಬೇಡ. ಯಾವುದು ಅಂತ ನಾಳೆ ಬೆಳಿಗ್ಗೆ ಬಂದು ಹೇಳಿ."

"ಯಾವುದು ಒಳ್ಳೇದು ಮೇಡಂ?"

"ಎರಡರಲ್ಲೂ ಒಳ್ಳೇದಿದೆ, ಎರಡರಲ್ಲೂ ಕಷ್ಟ ಇದೆ. ನೋವು ಬರಿಸಿದ್ರೆ ಒಂದು ದಿನ ಹಿಡೀಬಹುದು, ಎರಡು ದಿನ ಹಿಡೀಬಹುದು. ಕೊನೆಗೆ ಆಪರೇಷನ್ನೇ ಆಗಲೂಬಹುದು. ಮಗು ದಪ್ಪ ಇದ್ರೆ ಭುಜ ಸಿಕ್ಕಿಕೊಳ್ಳೋ ಭಯ ಸ್ವಲ್ಪ ಇರುತ್ತೆ. ಸಿಸೇರಿಯನ್ ಆದ್ರೆ ಹೊಲಿಗೆ ಮಾಯೋವರೆಗೂ ಜೋಪಾನ, ಮುಂದಿನ ಬಸುರಿಗೂ ಅದನ್ನ ಲೆಕ್ಕಕ್ಕೆ ತಗೋಬೇಕು. ಸ್ಕ್ಯಾನ್ ಹೇಳೋ ತೂಕಾನೂ ಪಕ್ಕಾ ಅಲ್ಲ. ನಿರ್ಧಾರ ನಿಮ್ಮದು."

ನಿರ್ಧಾರ ನಿಮ್ಮದಂತೆ! ಮೊದಲ ಬಸುರಿಗೆ ಹೀಗೊಂದು ಪರೀಕ್ಷೆ ಇದೆಯೆಂದು ಯಾರೂ ಬಾಯಿ ಬಿಟ್ಟಿರಲಿಲ್ಲ.

ಹಾಗೆ ನೋಡಿದರೆ ತೀರ್ಮಾನ ಮಾಡುವುದಕ್ಕೆ ಹೆದರುವ ಹೆಂಗಸಲ್ಲ ಅವಳು. ಸಿಟಿ ಬಸ್ಸಿನ ಕಂಡಕ್ಟರ್. ಅವಳು 'ರೈಟ್' ಅಂದರೆ ಹಿಂದಿನ ಬಸ್ಸಿನ ಡ್ರೈವರೂ ಗೇರು ಹಾಕಬೇಕು, ಅಂಥ ಗಂಟಲು. ಡಿಪೋದಲ್ಲಿ ಎಲ್ಲರಿಗೂ ಅವಳು ರೈಟಕ್ಕ. ಬಾಗಿಲಲ್ಲಿ ನಿಂತು ಹತ್ತಲೋ ಬೇಡವೋ ಅಂತ ಮೀನಮೇಷ ಎಣಿಸುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಈಗ ಅವಳೇ ಬಾಗಿಲಲ್ಲಿ ನಿಂತಿದ್ದಳು. ಒಳಗೊಂದು ಜೀವವನ್ನು ಹೊತ್ತುಕೊಂಡು.

ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅಮ್ಮ ಶುರು ಮಾಡಿದಳು. "ನಿನ್ನಿಷ್ಟ ಕಣೇ. ಆದ್ರೆ ನಾನು ನಿಮ್ಮನ್ನೆಲ್ಲ ಹೆತ್ತಿದ್ದು ನಾರ್ಮಲ್ಲಾಗೇ. ಮಾರನೇ ದಿನ ಎದ್ದು ಒಲೆ ಮುಂದೆ ನಿಂತಿದ್ದೆ."

"ಯಾರು ನಿಲ್ಲು ಅಂದಿದ್ರು ನಿಂಗೆ?" ಎಂದಳು ರೈಟಕ್ಕ.

ಅತ್ತೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ನಿನ್ನಿಷ್ಟ ತಾಯಿ, ನಾನ್ಯಾಕೆ ಮಧ್ಯ ಬಾಯಿ ಹಾಕಲಿ. ಆದ್ರೆ ಅಷ್ಟು ದಪ್ಪ ಮಗು ಇಟ್ಕೊಂಡು ಹಟ ಮಾಡಬಾರ್ದು. ಕುಯ್ದು ತೆಗೆದ್ರೆ ಎಲ್ಲರಿಗೂ ನೆಮ್ಮದಿ. ನಾಳೆ ಹೆಚ್ಚುಕಮ್ಮಿ ಆದ್ರೆ ನಮ್ಮನ್ನ ಅನ್ನಬೇಡ ಅಷ್ಟೇ."

ಜೊತೆಗೆ ಡ್ಯೂಟಿ ಮಾಡುವ ಡ್ರೈವರಣ್ಣನಿಗೆ ಫೋನ್ ಮಾಡಿದಳು. ಒಳ್ಳೆಯವನು, ಮೂರು ಮಕ್ಕಳ ತಂದೆ. "ನಂಗೇನು ಗೊತ್ತಾಗುತ್ತೆ ರೈಟಕ್ಕ, ನನ್ನ ಹೆಂಡ್ತಿನ ಕೇಳಿ ಹೇಳ್ತೀನಿ," ಅಂದ. ಸ್ವಲ್ಪ ಹೊತ್ತು ಬಿಟ್ಟು ಅವನೇ ಫೋನ್ ಮಾಡಿದ. "ಅದು ನಿಮ್ಮಿಷ್ಟವಂತೆ."

ಅಯ್ಯೋ ದೇವರೇ! ಇಷ್ಟ ಅಂದರೆ ಏನು, ಸೀರೆ ಬಣ್ಣವೇ? ಅವಳಿಗೆ ಎರಡೂ ಇಷ್ಟವಿರಲಿಲ್ಲ. ಎರಡು ದಿನ ನರಳಿ ಆಮೇಲೂ ಕುಯ್ಯಿಸಿಕೊಳ್ಳುವುದು ನೆನೆದರೆ ಬೇಡವೆನಿಸುತ್ತಿತ್ತು. ಸುಮ್ಮನೆ ಹೋಗಿ ಮಲಗಿ ಹೊಟ್ಟೆ ಕುಯ್ಯಿಸಿಕೊಳ್ಳುವುದು ನೆನೆದರೂ ಅಷ್ಟೇ. ಅದಕ್ಕಿಂತ ಹೆಚ್ಚಾಗಿ ಅವಳ ನೆಮ್ಮದಿ ಕೆಡಿಸಿದ್ದು ಬೇರೆ. ಮಗು ಸುಖವಾಗಿ ಕೈಗೆ ಬಂದರೆ ಎಲ್ಲರೂ 'ನಾವು ಹೇಳಿರಲಿಲ್ವಾ' ಅನ್ನುವವರೇ. ಏನಾದರೂ ಎಡವಟ್ಟಾದರೆ ಮಾತ್ರ 'ಅವಳೇ ತಾನೆ ಆರಿಸಿಕೊಂಡಿದ್ದು' ಅನ್ನುತ್ತಾರೆ. ಅವರು ಅನ್ನದಿದ್ದರೂ ತಾನು ಬದುಕಿರುವಷ್ಟು ದಿನ ಅಂದುಕೊಳ್ಳುತ್ತಾಳೆ.

ಸಂಜೆ ಗಂಡ ಅಡುಗೆಮನೆಯಲ್ಲಿ ಬಾಣಲೆ ಉಜ್ಜುತ್ತಿದ್ದ. ಲಿಫ್ಟ್ ರಿಪೇರಿ ಮಾಡುವವನು, ಮಾತು ಕಡಿಮೆ. ಹೊಳೆಯುತ್ತಿದ್ದ ಬಾಣಲೆಯನ್ನು ಮತ್ತೆ ಮತ್ತೆ ಉಜ್ಜುತ್ತಿರುವುದನ್ನು ನೋಡಿ ಅವಳಿಗೆ ರೇಗಿತು.

"ರೀ, ನೀವೇನೂ ಹೇಳೋದಿಲ್ವಾ?"

"ನಾನೇನು ಹೇಳಲಿ. ನಿನ್ನ ಮೈ, ನಿನ್ನಿಷ್ಟ."

"ನೀವೂ ಅದನ್ನೇ ಹೇಳಿದ್ರಾ!" ಅವಳು ಕೈಯಲ್ಲಿದ್ದ ಲೋಟವನ್ನು ಕುಕ್ಕಿದಳು. "ಲಿಫ್ಟ್ ನಡುವೆ ಸಿಕ್ಕಿಕೊಂಡಾಗ ಮೇಲೆತ್ತಲಾ ಇಳಿಸಲಾ, ನಿಮ್ಮಿಷ್ಟ ಅಂತ ಒಳಗಿರೋರನ್ನ ಕೇಳ್ತೀರಾ?"

ಅವನು ನಲ್ಲಿ ನಿಲ್ಲಿಸಿದ. "ಆ ಲಿಫ್ಟೊಳಗೆ ನೀನಿರಲ್ವಲ್ಲ," ಎಂದ. "ನಾನೊಂದು ಹೇಳಿ, ಆಮೇಲೆ ನಿನಗೋ ಮಗೂಗೋ ಏನಾದ್ರೂ ಆದ್ರೆ ನಾನು ಯಾವ ಮುಖ ಇಟ್ಕೊಂಡು ಬದುಕಲಿ?"

"ನಾನು ಹೇಳಿ ಏನಾದ್ರೂ ಆದ್ರೆ? ನನಗೇನು ಎರಡು ಮುಖ ಇದೆಯಾ? ಇಡೀ ಭಾರ ನನ್ನ ತಲೆ ಮೇಲೆ ಹಾಕಿ ಬಾಣಲೆ ಉಜ್ಜಿಕೊಂಡು ನಿಂತಿದ್ದೀರಲ್ಲ! ತಪ್ಪೋ ಸರಿಯೋ, ಒಂದು ಸಲ ಬಾಯಿ ಬಿಡ್ರೀ."

ಅವನು ಮತ್ತೆ ಬಾಣಲೆ ಕೈಗೆತ್ತಿಕೊಂಡ. ಅವಳು ಊಟವನ್ನೂ ಮಾತನ್ನೂ ಬಿಟ್ಟು ಗೋಡೆ ಕಡೆ ತಿರುಗಿ ಮಲಗಿದಳು.

ಬೆಳಿಗ್ಗೆ ಆಸ್ಪತ್ರೆಗೆ ಹೋಗುವಾಗಲೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಡಾಕ್ಟರಮ್ಮ ಕನ್ನಡಕ ಏರಿಸಿಕೊಂಡು, "ಏನು ತೀರ್ಮಾನ ಮಾಡಿದ್ರಿ?" ಎಂದರು. ರೈಟಕ್ಕ ಸ್ಕ್ಯಾನ್ ಕಾಗದವನ್ನು ಮಡಚಿ ಬಿಡಿಸಿದಳು. ಅಷ್ಟರಲ್ಲಿ ಬೆನ್ನ ಹಿಂದೆ ನಿಂತಿದ್ದ ಗಂಡ, "ಆಪರೇಷನ್ ಮೇಡಂ," ಎಂದುಬಿಟ್ಟ.

ಅವಳು ಗಕ್ಕನೆ ತಿರುಗಿದಳು. "ಯಾರನ್ನ ಕೇಳಿ ಹೇಳಿದ್ರಿ?"

"ನೀನೇ ಬಾಯಿ ಬಿಡಿ ಅಂದೆ. ಬಿಟ್ಟೆ. ನೀನು ಎರಡು ದಿನ ಒದ್ದಾಡೋದನ್ನ ನನ್ನ ಕೈಲಿ ನೋಡೋಕಾಗಲ್ಲ."

"ಆಗ್ದೇ ಇದ್ರೆ ಕಣ್ಣು ಮುಚ್ಕೊಳ್ಳಿ! ಒದ್ದಾಡೋಳು ನಾನು ತಾನೆ? ನೋವು ಬರಿಸಿ ಮೇಡಂ. ಒಂದು ಸಲ ಪ್ರಯತ್ನ ಪಡ್ತೀನಿ."

ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ರಾತ್ರಿಯಿಡೀ ಹೊರಳಾಡಿದರೂ ಗೊತ್ತಾಗದೆ ಉಳಿದಿದ್ದು ಅವನು ಅಡ್ಡ ಬಂದ ಕೂಡಲೇ ಬಾಯಿಗೆ ಬಂದಿತ್ತು.

"ಆಯ್ತು, ಬರಿಸಲಿ," ಎಂದ ಗಂಡ. ಅವನ ಮುಖ ಕಿವಿಯವರೆಗೂ ಕೆಂಪೇರಿತ್ತು. "ಆದ್ರೆ ಎಲ್ಲಿವರೆಗೆ? ಮಗು ಎದೆಬಡಿತ ಸ್ವಲ್ಪ ಏರುಪೇರಾದ್ರೂ ಆಪರೇಷನ್ ಮಾಡಿ ಅಂತ ನಾನೇ ಕೂಗ್ತೀನಿ. ಆಗ ಹಟ ಮಾಡಬಾರ್ದು ನೀನು."

"ಅದು ಮೇಡಂ ಹೇಳಬೇಕು, ನೀವಲ್ಲ."

"ಮೇಡಂ ಹೇಳಲಿ. ನಾನೂ ಹೇಳ್ತೀನಿ. ಮಗು ನಂದೂ ಹೌದು!"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ನೀವಿಬ್ಬರೂ ಹೊರಗೆ ಹೋಗಿ ಜಗಳ ಮುಗಿಸಿಕೊಂಡು ಬರ್ತೀರಾ?"

"ಬೇಡ ಮೇಡಂ," ಎಂದಳು ರೈಟಕ್ಕ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಪಕ್ಕದ ಕುರ್ಚಿಯನ್ನು ಗಂಡನ ಕಡೆ ತಳ್ಳಿದಳು. "ಇಲ್ಲೇ ಆಡ್ತೀವಿ. ಕೂತ್ಕೊಳ್ರೀ. ಇನ್ನೇನಿದೆ ನಿಮ್ಮ ತಕರಾರು, ಎಲ್ಲಾ ಹೇಳಿ."